ಕರಣೆ ಹಿಡಿಯುವ ಮುನ್ನ

ಶಿಬಿರಕ್ಕೆ ಹೋಗಿ ಮೂರು ದಿನವಾದರೂ ನಮ್ಮ ಕೈಗೆ ಕರಣೆ ಕೊಡಲಿಲ್ಲ. ಮೊದಲ ದಿನ ಜಾಲಿ ಕಡಿದೆವು. ಎರಡನೆಯ ದಿನ ದಿಬ್ಬದ ಮೇಲೆ ಸಾಲಾಗಿ ನಡೆದು, ಕಾಲಿಗೆ ಸಿಕ್ಕ ಬೋಕಿ ಚೂರುಗಳನ್ನು ಎಣಿಸಿ ಬರೆದುಕೊಂಡೆವು. ಮೂರನೆಯ ದಿನ ಗೂಟ, ದಾರ, ಸುತ್ತಿಗೆ. ಒಂದು ಕಡೆ ಮೂರು ಮೀಟರು, ಇನ್ನೊಂದು ಕಡೆ ನಾಲ್ಕು, ಅಡ್ಡಕ್ಕೆ ಸರಿಯಾಗಿ ಐದು ಬಂದರೆ ಮೂಲೆಮಟ್ಟ ಸರಿ. ಪಾಯ ಹಾಕುವ ಗಾರೆಯವರು ಬೀಡಿ ಸೇದುತ್ತಲೇ ಮುಗಿಸುವ ಈ ಕೆಲಸವನ್ನು ಎಂ.ಎ. ಓದುತ್ತಿದ್ದ ಹನ್ನೆರಡು ಜನ ಬೆಳಗಿನಿಂದ ಊಟದ ಹೊತ್ತಿನವರೆಗೆ ಮಾಡಿದೆವು. ಅಡ್ಡಗೆರೆ ಪ್ರತಿ ಸಲವೂ ನಾಲ್ಕು ಬೆರಳು ಹೆಚ್ಚೋ ಕಡಿಮೆಯೋ ಬರುತ್ತಿತ್ತು. ದನ ಕಾಯುವ ಹುಡುಗನೊಬ್ಬ ನಿಂತು ನೋಡಿ ನೋಡಿ, "ನಿಧಿ ಸಿಕ್ತೇನ್ರಿ?" ಅಂದ. ನಾವಿನ್ನೂ ಒಂದು ಹಿಡಿ ಮಣ್ಣು ತೆಗೆದಿರಲಿಲ್ಲ.

ಉತ್ಖನನ ಶಿಬಿರಕ್ಕೆ ಹೊರಟ ವಿದ್ಯಾರ್ಥಿಗಳನ್ನೂ, ಕಳಿಸಬೇಕೋ ಬೇಡವೋ ಎಂದು ಲೆಕ್ಕ ಹಾಕುವ ಅವರ ಅಪ್ಪ ಅಮ್ಮಂದಿರನ್ನೂ ಕಂಡಾಗೆಲ್ಲ ನನಗೆ ಆ ಹುಡುಗ ನೆನಪಾಗುತ್ತಾನೆ. ಎಲ್ಲರ ಕಣ್ಣೂ ಸಿಗುವ ವಸ್ತುವಿನ ಮೇಲೆ. ಆದರೆ ಒಮ್ಮೆ ತೆಗೆದ ಮಣ್ಣನ್ನು ಇದ್ದ ಹಾಗೆ ಮತ್ತೆ ಇಡಲು ಯಾರಿಂದಲೂ ಆಗುವುದಿಲ್ಲ. ರಸಾಯನಶಾಸ್ತ್ರದವರು ಪ್ರಯೋಗ ಕೆಟ್ಟರೆ ಇನ್ನೊಂದು ಪ್ರನಾಳ ತೊಳೆದುಕೊಳ್ಳಬಹುದು. ನಮಗೆ ದಿಬ್ಬ ಒಂದೇ, ಅಗೆಯುವುದೂ ಒಂದೇ ಸಲ. ಅದಕ್ಕೇ ಒಳ್ಳೆಯ ಶಿಬಿರದಲ್ಲಿ ಮೊದಲ ಪಾಠ ಕೈ ಎಲ್ಲಿ ನಿಲ್ಲಬೇಕು ಎಂಬುದು. ಎಷ್ಟು ಆಳ ಅಗೆದೆ ಎಂದು ಜಂಬ ಕೊಚ್ಚಿಕೊಳ್ಳುವವರನ್ನು ಮೇಲ್ವಿಚಾರಕರು ಅಡುಗೆಮನೆಯ ಲೆಕ್ಕಕ್ಕೆ ಹಾಕುತ್ತಾರೆ.

ಶಿಬಿರ ಯಾರದು, ಅನುಮತಿ ಯಾರದು

ಪುರಾತತ್ವವನ್ನು ಪಾಠವಾಗಿ ಇಟ್ಟಿರುವ ಸ್ನಾತಕೋತ್ತರ ವಿಭಾಗಗಳಲ್ಲಿ ಕ್ಷೇತ್ರಕಾರ್ಯ ಓದಿನ ಒಂದು ಭಾಗ. ನಮ್ಮಲ್ಲಿ ಮೈಸೂರು ವಿಶ್ವವಿದ್ಯಾಲಯ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯಗಳಲ್ಲಿ ಇಂಥ ವಿಭಾಗಗಳಿವೆ. ಈ ಪರಂಪರೆ ಹೊಸದಲ್ಲ. ಕಾವೇರಿ ಕಪಿಲೆ ಕೂಡುವ ತಿರುಮಕೂಡಲು ನರಸೀಪುರದ ನವಶಿಲಾಯುಗದ ನೆಲೆಯನ್ನು ಎಂ. ಶೇಷಾದ್ರಿಯವರು 1960ರ ಆಸುಪಾಸಿನಲ್ಲಿ ಅಗೆದರು. ಬನವಾಸಿಯಲ್ಲಿ 1970ರ ಹೊತ್ತಿಗೆ ಎ.ವಿ. ನರಸಿಂಹಮೂರ್ತಿಯವರ ನೇತೃತ್ವದಲ್ಲಿ ಮೈಸೂರು ವಿಶ್ವವಿದ್ಯಾಲಯದ ಉತ್ಖನನ ನಡೆಯಿತು. ರಾಜ್ಯದ ಹೊರಗೆ ನೋಡುವವರಿಗೆ ಪುಣೆಯ ಡೆಕ್ಕನ್ ಕಾಲೇಜು ಮೊದಲು ನೆನಪಾಗಬೇಕು. ಎಚ್.ಡಿ. ಸಾಂಕಳಿಯಾ 1939ರಲ್ಲಿ ಅಲ್ಲಿ ಸೇರಿದಂದಿನಿಂದ ಆ ವಿಭಾಗಕ್ಕೂ ನಮ್ಮ ಬಯಲುಸೀಮೆಗೂ ನಂಟು. ಬಳ್ಳಾರಿಯ ಸಂಗನಕಲ್ಲು, ತೆಕ್ಕಲಕೋಟೆ, ತುಂಗಭದ್ರೆಯ ದಡದ ಹಳ್ಳೂರು, ಸುರಪುರದ ಕಡೆಯ ಹುಣಸಗಿ ಮತ್ತು ಬೂದಿಹಾಳ ಇವೆಲ್ಲ ಅಲ್ಲಿನ ಪ್ರಾಧ್ಯಾಪಕರೂ ಸಂಶೋಧಕರೂ ಕೆಲಸ ಮಾಡಿದ ಜಾಗಗಳು. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯದೇ ಒಂದು ಸಂಸ್ಥೆ ಗ್ರೇಟರ್ ನೋಯ್ಡಾದಲ್ಲಿದೆ, ಎರಡು ವರ್ಷದ ಸ್ನಾತಕೋತ್ತರ ಡಿಪ್ಲೊಮಾ ಕೊಡುತ್ತದೆ. 1959ರಲ್ಲಿ ಸ್ಕೂಲ್ ಆಫ್ ಆರ್ಕಿಯಾಲಜಿ ಎಂದು ಶುರುವಾದದ್ದು ಅದು. ಸೀಟು ಕೆಲವೇ ಕೆಲವು, ಆದರೆ ಕೈಗೆ ಮಣ್ಣು ಹತ್ತುವುದರಲ್ಲಿ ಮಾತ್ರ ಕೊರತೆಯಿಲ್ಲ.

ಯಾವುದೇ ವಿಶ್ವವಿದ್ಯಾಲಯ ತನಗೆ ತೋಚಿದ ಕಡೆ ಅಗೆಯುವ ಹಾಗಿಲ್ಲ. 1958ರ ಪ್ರಾಚೀನ ಸ್ಮಾರಕಗಳು ಮತ್ತು ಪುರಾತತ್ವ ನೆಲೆಗಳ ಕಾಯ್ದೆಯ ಪ್ರಕಾರ ಉತ್ಖನನಕ್ಕೆ ಕೇಂದ್ರದ ಒಪ್ಪಿಗೆ ಬೇಕು. ಸ್ವತಃ ರಾಜ್ಯ ಸರ್ಕಾರಕ್ಕೂ ಬೇಕು. ಪರವಾನಗಿ ಬರುವುದು ಆ ಒಂದು ಹಂಗಾಮಿಗೆ, ಆ ಒಂದು ನೆಲೆಗೆ. ಕಾಗದ ದೆಹಲಿಯಿಂದ ಬರುವುದು ತಡವಾದರೆ ಶಿಬಿರವೂ ತಡ. ಮಳೆ ನಿಂತು ನೆಲ ಒಣಗಿ ಬಿಸಿಲು ಏರುವ ಮೊದಲಿನ ತಿಂಗಳುಗಳು, ಅಂದರೆ ಹೆಚ್ಚುಕಡಿಮೆ ಡಿಸೆಂಬರಿನಿಂದ ಮಾರ್ಚ್‌ವರೆಗೆ, ಕೆಲಸದ ಕಾಲ. ಹಾಗಾಗಿ ಊರಿನ ಮದುವೆ, ಇಂಟರ್ನ್‌ಷಿಪ್ಪು, ಪರೀಕ್ಷೆ ಎಲ್ಲವನ್ನೂ ಶಿಬಿರದ ಆಚೀಚೆ ಹೊಂದಿಸಿಕೊಳ್ಳುವ ತಾಳ್ಮೆ ಇರಲಿ. ಪರವಾನಗಿ ಬರದ ವರ್ಷ ಅನ್ವೇಷಣೆಗೆ, ಅಂದರೆ ಹಳ್ಳಿ ಹಳ್ಳಿ ಸುತ್ತಿ ನೆಲೆಗಳನ್ನು ಗುರುತಿಸುವ ಕೆಲಸಕ್ಕೆ ಕರೆದುಕೊಂಡು ಹೋಗುತ್ತಾರೆ. ವಿದ್ಯಾರ್ಥಿಗಳು ಇದಕ್ಕೆ ಮುಖ ಸಿಂಡರಿಸುತ್ತಾರೆ. ನನ್ನ ಮಟ್ಟಿಗೆ ಇದು ಉತ್ಖನನಕ್ಕಿಂತ ಕಷ್ಟದ ವಿದ್ಯೆ. ಕಲ್ಲು ಗಣಿಗೆ, ಲೇಔಟಿಗೆ, ಜೆಸಿಬಿಗೆ ದಿಬ್ಬಗಳು ಕರಗುತ್ತಿರುವ ಈ ಕಾಲದಲ್ಲಿ ನಡೆದು ನೋಡಿ ಗುರುತಿಸಬಲ್ಲವರು ಹೆಚ್ಚು ಬೇಕು.

ಹೆಸರು ಕೊಡುವ ಮೊದಲು ವಿಭಾಗದಲ್ಲಿ ಕೆಲವು ಮಾತು ನೇರವಾಗಿ ಕೇಳಿ. ಪರವಾನಗಿ ಯಾರ ಹೆಸರಿನಲ್ಲಿದೆ? ಒಂದೊಂದು ಟ್ರೆಂಚಿಗೆ, ಅಂದರೆ ಅಗೆಯುವ ಚೌಕಕ್ಕೆ, ಎಷ್ಟು ವಿದ್ಯಾರ್ಥಿಗಳು, ಅವರನ್ನು ನೋಡಿಕೊಳ್ಳುವವರು ಯಾರು? ಹದಿನೈದು ಜನಕ್ಕೆ ಒಬ್ಬರೆಂದರೆ ನೀವು ಬುಟ್ಟಿ ಹೊರುವುದನ್ನಷ್ಟೇ ಕಲಿತು ಬರುತ್ತೀರಿ. ಅಳತೆ, ಚಿತ್ರ, ಮಡಕೆ, ಫೋಟೊ ಎಲ್ಲ ಕೆಲಸಕ್ಕೂ ಸರದಿ ಬರುತ್ತದೆಯೆ? ವಾಸ್ತವ್ಯ ಶಾಲೆಯಲ್ಲೋ ಟೆಂಟಿನಲ್ಲೋ, ಶೌಚಾಲಯ ಎಷ್ಟು, ನೀರು ಎಲ್ಲಿಂದ? ಹೆಣ್ಣುಮಕ್ಕಳು ಇದನ್ನು ಕೇಳಲು ಸಂಕೋಚಪಟ್ಟು ಆಮೇಲೆ ಬೆಳಗಿನಿಂದ ಸಂಜೆವರೆಗೆ ನೀರು ಕುಡಿಯದೆ ಒದ್ದಾಡುವುದನ್ನು ನೋಡಿದ್ದೇನೆ, ಕೇಳಿ. ಹತ್ತಿರದ ಸರ್ಕಾರಿ ಆಸ್ಪತ್ರೆ ಎಷ್ಟು ದೂರ, ಅಲ್ಲಿ ಹಾವಿನ ವಿಷಕ್ಕೆ ಔಷಧಿ ಇದೆಯೆ? ಕೊನೆಗೊಂದು ಮುಖ್ಯ ಪ್ರಶ್ನೆ: ಇದೇ ತಂಡ ಹಿಂದೆ ಅಗೆದ ನೆಲೆಯ ವರದಿ ಅಚ್ಚಾಗಿದೆಯೆ? ನಮ್ಮ ದೇಶದಲ್ಲಿ ಅಗೆದವರು ಬಹಳ, ಬರೆದು ಮುಗಿಸಿದವರು ಕಡಿಮೆ. ಇಲಾಖೆಯ ವಾರ್ಷಿಕ ಸಂಚಿಕೆಯಲ್ಲಿ ಎರಡು ಪ್ಯಾರಾ ಬಂದು ಅಲ್ಲಿಗೇ ನಿಂತ ಉತ್ಖನನಗಳು ಎಷ್ಟೋ ಇವೆ. ವರದಿ ಬರೆಯದವರ ಶಿಬಿರದಲ್ಲಿ ಅಗೆಯುವುದು ಕಲಿತೀರಿ, ಯಾಕೆ ಅಗೆಯಬೇಕು ಎಂಬುದು ತಿಳಿಯುವುದಿಲ್ಲ.

ಅಮೆರಿಕ, ಬ್ರಿಟನ್ನಿನ ವಿಶ್ವವಿದ್ಯಾಲಯಗಳಲ್ಲಿ ಓದುತ್ತಿರುವ ನಮ್ಮ ಹುಡುಗ ಹುಡುಗಿಯರಿಗೆ ಲೆಕ್ಕ ಬೇರೆ. ಅಲ್ಲಿ ಫೀಲ್ಡ್ ಸ್ಕೂಲ್ ಬೇಸಿಗೆಯ ಕೋರ್ಸು, ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ಕ್ರೆಡಿಟ್ಟೂ ಸಿಗುತ್ತದೆ, ಶುಲ್ಕವೂ ಬೀಳುತ್ತದೆ. ನಮ್ಮಲ್ಲಿ ಮಣ್ಣು ತೆಗೆಯುವ ಮುಖ್ಯ ಕೆಲಸ ಊರಿನ ಕೂಲಿಯವರದು, ವಿದ್ಯಾರ್ಥಿ ಜೊತೆಯಲ್ಲಿ ಕುಳಿತು ಗಮನಿಸಿ ದಾಖಲಿಸುತ್ತಾನೆ. ಅಲ್ಲಿ ಗುದ್ದಲಿಯಿಂದ ಜರಡಿಯವರೆಗೆ ಎಲ್ಲವನ್ನೂ ವಿದ್ಯಾರ್ಥಿಯೇ ಮಾಡಬೇಕು. ರೀಡಿಂಗ್ ವಿಶ್ವವಿದ್ಯಾಲಯ ರೋಮನ್ ಕಾಲದ ಸಿಲ್ಚೆಸ್ಟರ್ ಪಟ್ಟಣದ ಒಂದೇ ಒಂದು ಬಡಾವಣೆಯನ್ನು 1997ರಿಂದ 2014ರವರೆಗೆ ಪ್ರತಿ ಬೇಸಿಗೆಯಲ್ಲೂ ವಿದ್ಯಾರ್ಥಿಗಳ ಕೈಯಲ್ಲಿ ಅಗೆಸಿತು. ಹದಿನೆಂಟು ಬೇಸಿಗೆ, ಒಂದು ಬಡಾವಣೆ! ನಮ್ಮಲ್ಲಿ ಎರಡು ಹಂಗಾಮು ಒಂದೇ ಕಡೆ ಅಗೆದರೆ "ಇನ್ನೂ ಮುಗಿದಿಲ್ಲವೆ?" ಎಂದು ಲೆಕ್ಕಪತ್ರದವರು ಕೇಳುತ್ತಾರೆ.

ಬ್ರಹ್ಮಗಿರಿಯಲ್ಲಿ ಉಳಿದದ್ದು, ಬಿದ್ದದ್ದು

ನಮ್ಮ ಶಿಬಿರಗಳಲ್ಲಿ ಇವತ್ತಿಗೂ ನಡೆಯುವ ಗೂಟ, ದಾರ, ಚೌಕದ ಶಿಸ್ತಿನ ಹಿಂದೆ ಮಾರ್ಟಿಮರ್ ವೀಲರ್ ಎಂಬ ಕಟ್ಟುನಿಟ್ಟಿನ ಮಿಲಿಟರಿ ಮನುಷ್ಯ ಇದ್ದಾನೆ. 1944ರಲ್ಲಿ ಪುರಾತತ್ವ ಇಲಾಖೆಯ ಮಹಾನಿರ್ದೇಶಕನಾಗಿ ಬಂದವನು ಅದೇ ವರ್ಷ ತಕ್ಷಶಿಲೆಯಲ್ಲಿ ತರಬೇತಿ ಶಾಲೆ ತೆರೆದ. ಇಲಾಖೆಯವರ ಜೊತೆ ವಿಶ್ವವಿದ್ಯಾಲಯಗಳ ಹುಡುಗರೂ ಸೇರಿದರು. ಮುಂದೆ ಹೆಸರಾದ ಬಿ.ಬಿ. ಲಾಲ್ ಅಲ್ಲಿ ಪಳಗಿದವರು. ಆಮೇಲೆ 1945ರಲ್ಲಿ ಪುದುಚೇರಿಯ ಬಳಿಯ ಅರಿಕಮೇಡು, 1946ರಲ್ಲಿ ಹರಪ್ಪ, 1947ರಲ್ಲಿ ನಮ್ಮ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ ಮತ್ತು ಚಿತ್ರದುರ್ಗದ ಚಂದ್ರವಳ್ಳಿ. ಈ ಎರಡು ಜಾಗದಲ್ಲೂ ವೀಲರ್‌ಗಿಂತ ಮೊದಲೇ ಮೈಸೂರಿನ ಎಂ.ಎಚ್. ಕೃಷ್ಣ ಅಗೆದಿದ್ದರು; ಚಂದ್ರವಳ್ಳಿಯಲ್ಲಂತೂ 1929ರಷ್ಟು ಹಿಂದೆ. ಪಠ್ಯಪುಸ್ತಕಗಳು ವೀಲರನ ಹೆಸರನ್ನಷ್ಟೇ ಹೇಳಿ ಮುಂದೆ ಹೋಗುವುದು ನನಗೆ ಹಿಡಿಸದ ವಿಷಯ.

ಬ್ರಹ್ಮಗಿರಿಯಲ್ಲಿ ಕಂಡದ್ದು ಮೂರು ಮುಖ್ಯ ಪದರ. ಕೆಳಗೆ ಕಲ್ಲಿನ ಕೊಡಲಿಯವರು, ಅವರ ಮೇಲೆ ಬೃಹತ್ ಶಿಲಾ ಗೋರಿಗಳನ್ನು ಕಟ್ಟಿದವರು, ಅದರ ಮೇಲೆ ಆಂಧ್ರ ಅಥವಾ ಶಾತವಾಹನ ಕಾಲದವರು. ಇಸವಿ ಗೊತ್ತುಮಾಡಲು ನೆರವಾದದ್ದು ತಟ್ಟೆಯ ಚೂರುಗಳು. ಒಳಮೈಯಲ್ಲಿ ಚಕ್ರಾಕಾರದ ಸಣ್ಣ ಕಚ್ಚುಗಳ ಸಾಲಿರುವ ನುಣುಪಾದ ಒಂದು ಬಗೆಯ ತಟ್ಟೆ ಅರಿಕಮೇಡಿನಲ್ಲಿ ಇಟಲಿಯ ಮಡಕೆಗಳ ಜೊತೆ ಸಿಕ್ಕಿತ್ತು. ಇಟಲಿಯದಕ್ಕೆ ಕಾಲ ಗೊತ್ತಿತ್ತು, ಕ್ರಿ.ಶ. ಒಂದನೆಯ ಶತಮಾನದ ಆಸುಪಾಸು. ಅದೇ ತಟ್ಟೆ ಬ್ರಹ್ಮಗಿರಿಯ ಮೇಲಿನ ಪದರದಲ್ಲೂ ಬಂದಾಗ ಆ ಪದರಕ್ಕೆ ಕಾಲ ಸಿಕ್ಕಿತು. ಅಲ್ಲಿಂದ ಕೆಳಕ್ಕೆ ಅಂದಾಜಿನ ಮೇಲೆ ಇಳಿದು, ಕೊಡಲಿಯವರನ್ನು ವೀಲರ್ ಕ್ರಿ.ಪೂ. ಮೊದಲ ಸಹಸ್ರಮಾನದ ಆರಂಭದಲ್ಲಿ ಕೂರಿಸಿದ.

ಅದು ತಪ್ಪು ಎಂದು ಆಮೇಲೆ ಇದ್ದಿಲು ಹೇಳಿತು. ರೇಡಿಯೊಕಾರ್ಬನ್ ವಿಧಾನ ಬಂದು ದಕ್ಷಿಣದ ನೆಲೆಗಳ ಇದ್ದಿಲು ಪರೀಕ್ಷೆಯಾದಾಗ ಇಲ್ಲಿನ ನವಶಿಲಾಯುಗ, ಅಂದರೆ ಆ ಕೊಡಲಿಯವರ ಕಾಲ, ಸಾವಿರಾರು ವರ್ಷ ಹಿಂದಕ್ಕೆ, ಕ್ರಿ.ಪೂ. 3000ದ ಸುಮಾರಿಗೆ ಹೋಯಿತು. ವೀಲರ್ ಕೊಟ್ಟ ಇಸವಿ ಬಿತ್ತು, ಆದರೆ ಯಾವುದರ ಮೇಲೆ ಯಾವುದು ಎಂಬ ಅವನ ಕ್ರಮ ಅಲ್ಲಾಡಲಿಲ್ಲ. ಟ್ರೆಂಚಿನ ಗೋಡೆಗಳನ್ನು ಬಿಡದೆ ಬರೆದು, ಅಳೆದು, ಬೇಗನೆ ಅಚ್ಚು ಹಾಕಿಸಿದ್ದರಿಂದ ಬೇರೆಯವರು ಅದನ್ನೇ ಹಿಡಿದು ತಿದ್ದಲು ಆಯಿತು. ನಿಮ್ಮ ನೋಟ್‌ಬುಕ್ಕನ್ನು ಮೇಲ್ವಿಚಾರಕರು ಯಾಕೆ ದಿನಾ ರಾತ್ರಿ ನೋಡುತ್ತಾರೆ ಎಂದು ಬೇಸರವಾದಾಗ ಬ್ರಹ್ಮಗಿರಿಯನ್ನು ನೆನೆಸಿಕೊಳ್ಳಿ.

ಟ್ರೆಂಚ್ ಒಳಗೆ

ಸಾಮಾನ್ಯವಾಗಿ ಹತ್ತು ಮೀಟರ್ ಚದರದ ಟ್ರೆಂಚು, ಅದನ್ನು ನಾಲ್ಕು ಭಾಗ ಮಾಡಿ ಒಂದೊಂದಾಗಿ ಇಳಿಯುತ್ತಾರೆ. ಎರಡು ಚೌಕದ ನಡುವೆ ಅರ್ಧ ಮೀಟರಿನಷ್ಟು ಮಣ್ಣನ್ನು ಮುಟ್ಟದೆ ಬಿಡುವುದುಂಟು. ಇದಕ್ಕೆ ಬಾಲ್ಕ್ ಅನ್ನುತ್ತಾರೆ. ಹೊಲದ ಬದು ಅಂದುಕೊಳ್ಳಿ. ಅಗೆದ ಮಣ್ಣೆಲ್ಲ ಹೋದ ಮೇಲೂ ಯಾವ ಪದರ ಹೇಗಿತ್ತು ಎಂದು ಸಾಕ್ಷಿ ಹೇಳಲು ನಿಲ್ಲುವುದು ಈ ಬದುವೇ. ಅದರ ಅಂಚಿನ ಮೇಲೆ ಕೂರುವುದು, ಕಾಲಿಡುವುದು, ಚಹಾದ ಲೋಟ ಇಡುವುದು ಶಿಬಿರದ ಮಹಾಪಾಪ. ಬಾಲ್ಕ್ ಕುಸಿದರೆ ಕೆಳಗಿರುವವರಿಗೂ ಅಪಾಯ, ಸಾಕ್ಷಿಯೂ ಹೋಯಿತು. ಎದೆಮಟ್ಟಕ್ಕಿಂತ ಆಳ ಹೋದ ಟ್ರೆಂಚಿಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಜಾರು ಬಿಡದಿದ್ದರೆ, ತೆಗೆದ ಮಣ್ಣನ್ನು ಅಂಚಿನಲ್ಲೇ ಗುಡ್ಡೆ ಹಾಕಿದ್ದರೆ, ಇಳಿಯಲು ಒಪ್ಪಬೇಡಿ. ಯಾರೇ ಹೇಳಲಿ.

ಈಗ ನಾನು ಕೈ ನಿಲ್ಲಿಸದೆ ಮಾಡಿದ ಕೆಲಸ. ಮೂರನೆಯ ವಾರ. ಬಳ್ಳಾರಿ ಸೀಮೆಯ ಆ ದಿಬ್ಬದಲ್ಲಿ ನನ್ನ ಪಾಲಿಗೆ ಬಂದದ್ದು ಬೂದು ಬಣ್ಣದ ಸಡಿಲ ಮಣ್ಣು, ಕರಣೆ ಇಟ್ಟರೆ ಬೆಣ್ಣೆಯ ಹಾಗೆ ಬರುತ್ತಿತ್ತು. ಹುಮ್ಮಸ್ಸಿನಲ್ಲಿ ಕೆರೆಯುತ್ತ ಹೋದೆ. ಪಕ್ಕದಲ್ಲಿ ಬುಟ್ಟಿಗೆ ಮಣ್ಣು ತುಂಬುತ್ತಿದ್ದ ಅರವತ್ತರ ಅಜ್ಜಿ ತಲೆ ಎತ್ತಿ,

"ತಮ್ಮಾ, ಕೈ ತಡಿ. ಕೆಳಗ ನೆಲ ಐತಿ" ಅಂದಳು.

"ನೆಲಾನೇ ಅಲ್ವಾ ಅಜ್ಜಿ ಅಗೀತಿರೋದು?"

"ಮಣ್ಣ ಬ್ಯಾರೆ, ನೆಲ ಬ್ಯಾರೆ. ಸಪ್ಪಳ ಕೇಳು."

ಕುರ್ಪಿಯ ಹಿಂಬದಿಯಿಂದ ಮೆಲ್ಲಗೆ ಬಡಿದು ತೋರಿಸಿದಳು. ನಾನು ಕೆರೆದ ಕಡೆ ದಬ್ ದಬ್. ಅದರ ಪಕ್ಕಕ್ಕೆ, ಇನ್ನೂ ಮಣ್ಣು ಮುಚ್ಚಿದ್ದ ಕಡೆ, ಟಕ್. ನೀರು ಚಿಮುಕಿಸಿ ಟ್ರೆಂಚಿನ ಗೋಡೆಯನ್ನು ಒರೆಸಿ ನೋಡಿದರೆ ಅಲ್ಲಿ ನಾಣ್ಯದ ಅಂಚಿನಷ್ಟು ತೆಳ್ಳಗೆ ಒಂದು ಬಿಳಿಚು ಗೆರೆ. ಬಡಿದು, ಸಾರಿಸಿ, ಮತ್ತೆ ಸಾರಿಸಿ ಗಟ್ಟಿಯಾದ ಯಾರದೋ ಮನೆಯ ನೆಲ. ಮೊರದಗಲದಷ್ಟನ್ನು ನಾನಾಗಲೇ ಬುಟ್ಟಿಗೆ ತುಂಬಿ ಆಚೆ ಚೆಲ್ಲಿದ್ದೆ. ಜೀವಮಾನವೆಲ್ಲ ಸಗಣಿ ಸಾರಿಸಿದ ಕೈಗೆ ಗೊತ್ತಾದದ್ದು ನನ್ನ ಎರಡು ವರ್ಷದ ಓದಿಗೆ ಗೊತ್ತಾಗಿರಲಿಲ್ಲ. ಮೇಲ್ವಿಚಾರಕರು ಬೈಯಲಿಲ್ಲ. ನಕ್ಷೆಯಲ್ಲಿ ಆ ಜಾಗಕ್ಕೆ ಚುಕ್ಕೆಗೆರೆ ಎಳೆಸಿ, 'ತರಬೇತಿ ವಿದ್ಯಾರ್ಥಿಯ ಅಜಾಗರೂಕತೆಯಿಂದ ಕಡಿದ ಭಾಗ' ಎಂದು ನನ್ನ ಕೈಯಲ್ಲೇ ಬರೆಸಿದರು. ಬೈದಿದ್ದರೆ ಮರೆತುಬಿಡುತ್ತಿದ್ದೆ.

ಮಣ್ಣು ನೋಡಲು ಹೊತ್ತೂ ಇದೆ. ಬೆಳಗಿನ ಏಳರ ಓರೆ ಬಿಸಿಲಿನಲ್ಲಿ, ಇಬ್ಬನಿಯ ತೇವ ಆರುವ ಮೊದಲು, ಬಣ್ಣಗಳು ಬಿಡಿಬಿಡಿಯಾಗಿ ಕಾಣುತ್ತವೆ. ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲವೂ ಒಂದೇ ಬೂದು. ದುಂಡನೆಯ ಕಪ್ಪು ಕಲೆ ಕಂಡರೆ ಅದು ಕೊಳೆತುಹೋದ ಕಂಬದ ಗುಳಿ ಇರಬಹುದು. ಅಂಥ ನಾಲ್ಕಾರು ಕಲೆ ಸುತ್ತಲೂ ಬಂದರೆ ಗುಡಿಸಲಿನ ಆಕಾರ ಹೊರಬೀಳುತ್ತದೆ. ಇಲಿಯ ಬಿಲವೂ ದುಂಡಗೇ ಇರುತ್ತದೆ, ಆದರೆ ಓರೆಯಾಗಿ ಹೋಗುತ್ತದೆ. ನಮ್ಮ ಟ್ರೆಂಚಿನಲ್ಲಿ, ಈಚೆಗೆ ಯಾರೋ ತೋಡಿ ಮುಚ್ಚಿದ್ದ ಹಳ್ಳದಲ್ಲಿ, ಆಳಿನೆತ್ತರದ ಕೆಳಗೆ ಗುಟ್ಕಾ ಚೀಟಿಯೊಂದು ಸಿಕ್ಕಿತು. ನವಶಿಲಾಯುಗದವರು ಗುಟ್ಕಾ ಹಾಕುತ್ತಿದ್ದರೇ ಎಂದು ಎರಡು ದಿನ ನಗೆಯಾಡಿದರೂ ಪಾಠ ಗಟ್ಟಿಯಾಯಿತು: ಹಳ್ಳ ತೋಡಿದವರ ಕಾಲ ಹಳ್ಳದ ತಳದಲ್ಲಿರುವುದಿಲ್ಲ, ಯಾವ ಪದರದಿಂದ ತೋಡಿದರೋ ಅಲ್ಲಿರುತ್ತದೆ. ಪದರ ಮತ್ತು ಹಳ್ಳಗಳ ಈ ಸಂಬಂಧವನ್ನು ವಂಶವೃಕ್ಷದ ಹಾಗೆ ಬರೆಯುವ ಒಂದು ಪದ್ಧತಿಯನ್ನು 1973ರಲ್ಲಿ ಎಡ್ವರ್ಡ್ ಹ್ಯಾರಿಸ್ ರೂಪಿಸಿದ. ಈಗ ಎಲ್ಲ ಶಿಬಿರಗಳಲ್ಲೂ ಅದರ ಹೆಸರು ಕೇಳುತ್ತೀರಿ. ಹೋಗುವ ಮೊದಲು ಒಂದೆರಡನ್ನು ಕಾಗದದ ಮೇಲೆ ಬಿಡಿಸಿ ರೂಢಿ ಮಾಡಿಕೊಂಡರೆ ಒಳ್ಳೆಯದು.

ಕೈ ತಡೆದು ಅಗೆದರೆ ಎಂಥ ವಸ್ತು ಉಳಿಯುತ್ತದೆ ಎಂಬುದಕ್ಕೆ ಉಟ್ನೂರು ನೋಡಿ. ಈಗಿನ ತೆಲಂಗಾಣದ ಈ ಬೂದಿದಿಬ್ಬವನ್ನು 1957ರಲ್ಲಿ ರೇಮಂಡ್ ಆಲ್ಚಿನ್ ಅಗೆದಾಗ ದನಗಳ ಗೊರಸಿನ ಅಚ್ಚುಗಳು ಹಾಗೆಹಾಗೇ ಸಿಕ್ಕವು. ರಾಯಚೂರು, ಬಳ್ಳಾರಿ, ಸುರಪುರದ ಕಡೆಯ ಬೂದಿದಿಬ್ಬಗಳನ್ನು ಜನ ರಾಕ್ಷಸರ ಸುಟ್ಟ ಮೂಳೆ ಅಂತಲೋ ಯಜ್ಞದ ಬೂದಿ ಅಂತಲೋ ಹೇಳಿಕೊಂಡು ಬಂದಿದ್ದರು. ಅದು ದೊಡ್ಡಿಯಲ್ಲಿ ರಾಶಿಬಿದ್ದ ಸಗಣಿಯನ್ನು ಸುಟ್ಟ ಬೂದಿ ಎಂಬುದಕ್ಕೆ ಆ ಗೊರಸುಗಳಿಗಿಂತ ಗಟ್ಟಿ ಸಾಕ್ಷಿ ಬೇಕೆ? ಒಂದು ಅಂಗುಲ ಹೆಚ್ಚು ಕೆರೆದಿದ್ದರೆ ಇಲ್ಲ.

ಬಕೆಟ್ಟಿನ ಮೇಲೆ ತೇಲುವ ಹುರಳಿ

ಶಿಬಿರದಲ್ಲಿ ಎಲ್ಲರೂ ತಪ್ಪಿಸಿಕೊಳ್ಳಲು ನೋಡುವ ಕೆಲಸವೊಂದಿದೆ. ಪದರ ಪದರದ ಮಣ್ಣನ್ನು ನೀರಿಗೆ ಹಾಕಿ ಕಲಕುವುದು. ಕಲಕಿದಾಗ ಮಣ್ಣು ಮುಳುಗುತ್ತದೆ, ಇದ್ದಿಲಾದ ಕಾಳು ತೇಲುತ್ತದೆ. ಸಣ್ಣ ಕಣ್ಣಿನ ಬಲೆಬಟ್ಟೆಯಲ್ಲಿ ಸೋಸಿ, ನೆರಳಲ್ಲಿ ಒಣಗಿಸಿ, ಚೀಟಿ ಬರೆದು ಕಟ್ಟಿಡುವುದು. ಕೈಯೆಲ್ಲ ಕೆಸರು, ಸೊಂಟ ನೋವು, ಸಿಕ್ಕಿದ್ದು ಒಂದು ಚಮಚ ಕಪ್ಪು ಪುಡಿ. ಆದರೆ ಡೋರಿಯನ್ ಫುಲ್ಲರ್, ರವಿ ಕೋರಿಶೆಟ್ಟರ್ ಮುಂತಾದವರು ನಮ್ಮ ಬಯಲುಸೀಮೆಯ ನೆಲೆಗಳಲ್ಲಿ ಇದೇ ಕೆಲಸ ಮಾಡಿ, ನಾಲ್ಕು ಸಾವಿರ ವರ್ಷದ ಹಿಂದೆ ಇಲ್ಲಿನವರು ಉಣ್ಣುತ್ತಿದ್ದದ್ದು ಕೊರಲೆ, ಹುರಳಿ, ಹೆಸರು ಎಂದು ತೋರಿಸಿದರು. ಮಣ್ಣು ಕಲಕಿದ ದಿನ ಶಿಬಿರದ ರಾತ್ರಿಯೂಟಕ್ಕೆ ಹುರಳಿ ಸಾರು ಇದ್ದರೆ ತಟ್ಟೆಯನ್ನು ಒಂದು ಕ್ಷಣ ನೋಡುತ್ತಾ ಕೂರುತ್ತೀರಿ. ಬಂಗಾರದ ಬಳೆ ಸಿಕ್ಕರೂ ಇಷ್ಟು ಹೇಳುವುದಿಲ್ಲ.

ಇದ್ದಿಲಿನ ಚೂರು ಕಂಡರೆ ಕೈಯಿಂದ ಮುಟ್ಟಬೇಡಿ. ಕರಣೆಯ ತುದಿಯಿಂದ ಎತ್ತಿ ಅಲ್ಯುಮಿನಿಯಂ ಹಾಳೆಯಲ್ಲಿ ಮಡಿಸಿ, ಚೀಟಿಯನ್ನು ಹೊರಗೆ ಅಂಟಿಸಿ. ಬೀಡಿ ಸಿಗರೇಟಿನ ಬೂದಿ ಬೀಳದಂತೆ ನೋಡಿಕೊಳ್ಳಿ. ಯಾವುದೇ ಮುಖ್ಯ ವಸ್ತು ಸಿಕ್ಕಾಗ, ಅದು ಮಣಿಯಾಗಲಿ ಮೂಳೆಯಾಗಲಿ, ಎತ್ತುವ ಮೊದಲು ಮೂರು ಅಳತೆ: ಗೂಟದಿಂದ ಉದ್ದಕ್ಕೆ ಎಷ್ಟು, ಅಡ್ಡಕ್ಕೆ ಎಷ್ಟು, ಮೇಲ್ಮೈಯಿಂದ ಆಳಕ್ಕೆ ಎಷ್ಟು. ಜೊತೆಗೆ ಪದರದ ಸಂಖ್ಯೆ, ತಾರೀಖು, ನಿಮ್ಮ ಸಹಿ. ಅಳತೆ ಇಲ್ಲದೆ ಎತ್ತಿದ ಮಣಿ ಸಂತೆಯಲ್ಲಿ ಕೊಂಡ ಮಣಿಗೆ ಸಮ. ಈಗ ಟೋಟಲ್ ಸ್ಟೇಷನ್ ಇದೆ, ಡ್ರೋನ್ ಇದೆ, ಗುಂಡಿ ಒತ್ತಿದರೆ ಮೂರೂ ಅಳತೆ ಬಂದುಬಿಡುತ್ತದೆ. ಇರಲಿ, ಕಲಿಯಿರಿ. ಆದರೆ ಬ್ಯಾಟರಿ ಸತ್ತ ದಿನ ಟೇಪು, ತೂಕದ ಗುಂಡು, ದಾರದಲ್ಲೇ ಕೆಲಸ ಸಾಗಬೇಕು. ಮೊದಲು ಅದು ಕೈಗೆ ಹತ್ತಲಿ.

ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ಲಿನಲ್ಲೇ ಬರೆಯಿರಿ, ಇಂಕು ಒಂದು ಹನಿಗೆ ಹರಡುತ್ತದೆ. ಕಂಡದ್ದು ಬೇರೆ, ಅದರಿಂದ ನಿಮಗೆ ಅನಿಸಿದ್ದು ಬೇರೆ. ಎರಡನ್ನೂ ಬರೆಯಿರಿ, ಬೆರೆಸಬೇಡಿ. 'ಒಲೆ ಸಿಕ್ಕಿತು' ಎಂದು ಬರೆದರೆ ನಾಳೆ ಯಾರೂ ಪ್ರಶ್ನಿಸಲು ಆಗುವುದಿಲ್ಲ. 'ಮೂರು ಕಲ್ಲು, ನಡುವೆ ಕೆಂಪಾಗಿ ಸುಟ್ಟ ಮಣ್ಣು, ಎರಡು ಬೆರಳು ಬೂದಿ. ಒಲೆ ಇರಬಹುದು' ಎಂದು ಬರೆದರೆ ಇಪ್ಪತ್ತು ವರ್ಷದ ಮೇಲೆ ಇನ್ನೊಬ್ಬರು ಓದಿ, ಅಲ್ಲ ಇದು ಕಮ್ಮಾರನ ಕುಲುಮೆ ಎನ್ನಬಹುದು.

ಮಧ್ಯಾಹ್ನದ ಹೊತ್ತು ಮಡಕೆಯಂಗಳದಲ್ಲಿ. ಚೂರುಗಳನ್ನು ಮೆತ್ತನೆಯ ಬ್ರಷ್ಷಿನಲ್ಲಿ ತೊಳೆದು, ಚಾಪೆಯ ಮೇಲೆ ಪದರವಾರು ಹರಡಿ, ಬೇರ್ಪಡಿಸುವುದು. ಕೈಯಲ್ಲಿ ಮಾಡಿದ ಒರಟು ಬೂದು ಮಡಕೆ, ಕಪ್ಪು ಕೆಂಪು ಎರಡೂ ಇರುವ ಮಡಕೆ, ಕಾವಿ ಬಣ್ಣದ ಮೇಲೆ ಬಿಳಿ ಗೆರೆ ಎಳೆದದ್ದು. ಮೊದಲ ವಾರ ಎಲ್ಲವೂ ಒಂದೇ ಹಾಗೆ ಕಾಣುತ್ತವೆ. ಎರಡನೆಯ ವಾರದ ಕೊನೆಗೆ ಅಂಚಿನ ಒಂದು ಚೂರು ಹಿಡಿದು ಇದು ಗಡಿಗೆ, ಇದು ತಟ್ಟೆ, ಬಾಯಿ ಇಷ್ಟು ಅಗಲ ಎನ್ನಲು ಬರುತ್ತದೆ. ಚಿತ್ರ ಬರೆದದ್ದನ್ನೂ, ಒಳಗೆ ಏನೋ ಅಂಟಿಕೊಂಡಿರುವುದನ್ನೂ ಕೇಳದೆ ತೊಳೆಯಬೇಡಿ.

ಚೀಲ, ಬೂಟು, ಊರು

ಕರಣೆ ನಾಲ್ಕು ಅಂಗುಲದ್ದು ಸಾಕು. ಅಂಗಡಿಯಲ್ಲಿ ಅಲಗನ್ನು ಹಿಡಿಗೆ ಬೆಸೆದದ್ದು ಅಗ್ಗಕ್ಕೆ ಸಿಗುತ್ತದೆ, ಎರಡೇ ದಿನದಲ್ಲಿ ಮುರಿಯುತ್ತದೆ. ಅಲಗೂ ಕುತ್ತಿಗೆಯೂ ಒಂದೇ ಕಬ್ಬಿಣದಲ್ಲಿ ಬಡಿದದ್ದನ್ನು ಹುಡುಕಿ. ಮೂಳೆಯ ಸುತ್ತ ಬಿಡಿಸಲು ಕಬ್ಬಿಣ ಬೇಡ, ಬಿದಿರು ಸೀಳು ಒಳ್ಳೆಯದು. ಐದು ಮೀಟರಿನ ಸ್ಟೀಲ್ ಟೇಪು, ಬಣ್ಣ ಬಳಿಯುವ ಎರಡು ಬ್ರಷ್ಷು, ತೂಕದ ಗುಂಡು, ಮಿಲಿಮೀಟರ್ ಗ್ರಾಫ್ ಹಾಳೆ, ಅಳಿಸದ ಮಾರ್ಕರು, ಟ್ರೆಂಚಿನಲ್ಲಿ ಮೊಣಕಾಲೂರಲು ಹಳೆಯ ಚಾಪೆಯ ತುಂಡು. ತುಂಬುತೋಳಿನ ಹತ್ತಿ ಅಂಗಿ, ಅಗಲ ಅಂಚಿನ ಟೋಪಿ, ಇಲ್ಲವೇ ಹಳ್ಳಿಯವರ ಹಾಗೆ ಒಂದು ಟವೆಲು. ಟಿಟಿ ಚುಚ್ಚುಮದ್ದು ಹಾಕಿಸಿಕೊಂಡೇ ಹೊರಡಿ. ಬೆಳಿಗ್ಗೆ ಬೂಟನ್ನು ತಲೆಕೆಳಗೆ ಮಾಡಿ ಬಡಿಯದೆ ಕಾಲು ತೂರಿಸಬೇಡಿ, ಚೇಳಿಗೂ ಅದು ಬೆಚ್ಚನೆಯ ಮನೆ. ಹಾವು ಕಚ್ಚಿದರೆ ಕಟ್ಟುವುದು, ಕೊಯ್ಯುವುದು, ನಾಟಿ ಮದ್ದು ಹುಡುಕುವುದು ಬೇಡ. 108ಕ್ಕೆ ಕರೆ ಮಾಡಿ, ಕಾಲು ಅಲ್ಲಾಡಿಸದೆ ಆಸ್ಪತ್ರೆ.

ಕೂಲಿಗೆ ಬರುವವರನ್ನು ಹೆಸರು ಕೇಳಿ, ಅಕ್ಕ, ಅಣ್ಣ, ಅಜ್ಜಿ ಎಂದು ಕರೆಯಿರಿ. "ಏಯ್ ಬುಟ್ಟಿ" ಎಂದವನಿಗೆ ನಮ್ಮ ಶಿಬಿರದಲ್ಲಿ ಒಂದು ವಾರ ಯಾರೂ ನೆಲ ತೋರಿಸಲಿಲ್ಲ. ಕೆಲವು ಊರುಗಳಲ್ಲಿ ಹಿಂದಿನ ಉತ್ಖನನಗಳಲ್ಲಿ ದುಡಿದ ಹಳಬರಿರುತ್ತಾರೆ, ಅವರ ಪಕ್ಕ ಕೆಲಸ ಕೇಳಿ ಪಡೆಯಿರಿ. ಊರವರು ದಿಬ್ಬಕ್ಕೆ ಇಟ್ಟ ಹೆಸರನ್ನೂ ಬರೆದುಕೊಳ್ಳಿ: ಹಾಳೂರು, ಬೂದಿಗುಡ್ಡ, ಮೋರಿಯರ ಮನೆ, ಪಾಂಡವರ ಗುಡಿ. ನಕ್ಷೆಯಲ್ಲಿ ಇಲ್ಲದ ಎಷ್ಟೋ ನೆಲೆಗಳ ವಿಳಾಸ ಆ ಹೆಸರುಗಳೇ.

ನಿಧಿಯ ಪ್ರಶ್ನೆ ದಿನಾ ಬರುತ್ತದೆ. ನಗಬೇಡಿ, ತೋರಿಸಿ. ಸಂಜೆ ಒಮ್ಮೆ ಶಾಲೆಯ ಮಕ್ಕಳನ್ನು ಕರೆದು ಬೋಕಿ ಚೂರುಗಳನ್ನು ಕೈಗೆ ಕೊಟ್ಟರೆ ಊರಿನ ಅರ್ಧ ಅನುಮಾನ ಹೋಗುತ್ತದೆ. ಹೋಗದ ಇನ್ನರ್ಧಕ್ಕೆ ಎಚ್ಚರ ಬೇಕು. ಶಿಬಿರದ ನಕ್ಷೆ, ಜಾಗದ ಗುರುತು ಇರುವ ಫೋಟೊಗಳನ್ನು ವಾಟ್ಸ್ಯಾಪ್ ಸ್ಟೇಟಸ್ಸಿಗೆ ಹಾಕಿದರೆ ನೀವು ಮಲಗಿದ ಮೇಲೆ ನಿಧಿಗಳ್ಳರು ಟಾರ್ಚು ಹಿಡಿದು ಬರುತ್ತಾರೆ. ನೆನಪಿಗೆಂದು ಒಂದು ಮಣಿ ಜೇಬಿಗೆ ಹಾಕಿಕೊಳ್ಳುವುದೂ ಕಳ್ಳತನವೇ. ನೆಲದಲ್ಲಿ ಹೂತ ಹತ್ತು ರೂಪಾಯಿಗೆ ಮೇಲಿನ ಬೆಲೆಯ ವಸ್ತು ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕೆಂದು 1878ರ ಕಾಯ್ದೆಯೇ ಹೇಳುತ್ತದೆ, ನೂರು ವರ್ಷ ದಾಟಿದ ಕಲಾವಸ್ತುಗಳಿಗೆ 1972ರ ಇನ್ನೊಂದು ಕಾಯ್ದೆ ಇದೆ.

ಇದರಿಂದ ಕೆಲಸ ಸಿಗುತ್ತದೆಯೆ ಎಂದು ಅಪ್ಪಂದಿರು ಕೇಳುತ್ತಾರೆ. ಕೇಂದ್ರ ಮತ್ತು ರಾಜ್ಯದ ಇಲಾಖೆಗಳು, ವಸ್ತುಸಂಗ್ರಹಾಲಯ, ಕಾಲೇಜು ಮೇಷ್ಟರಿಕೆ. ಹುದ್ದೆಗಳು ಕಡಿಮೆ, ಕಾಯುವವರು ಹೆಚ್ಚು. ಸುಳ್ಳು ಆಸೆ ಹುಟ್ಟಿಸುವುದರಲ್ಲಿ ಅರ್ಥವಿಲ್ಲ. ಕೈಯಲ್ಲಿ ಎರಡು ಹಂಗಾಮಿನ ಕ್ಷೇತ್ರಕಾರ್ಯ, ನೀವೇ ಬರೆದ ಟ್ರೆಂಚಿನ ಗೋಡೆಯ ಸೆಕ್ಷನ್ ಚಿತ್ರಗಳು, ಒಂದು ಅಚ್ಚಾದ ಟಿಪ್ಪಣಿ ಇದ್ದರೆ ಸಂದರ್ಶನದಲ್ಲಿ ಮಾತಾಡಲು ಏನಾದರೂ ಇರುತ್ತದೆ ಎನ್ನಬಹುದು, ಅಷ್ಟೇ.

ಶಿಬಿರದ ಕೊನೆಯ ಎರಡು ದಿನ ಮುಚ್ಚುವ ಕೆಲಸ. ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ, ಮುಂದೆ ಅಗೆಯುವವರಿಗೆ ಗುರುತಿರಲೆಂದು ಆ ವರ್ಷದ ಒಂದು ನಾಣ್ಯ ಇಟ್ಟು, ಮಣ್ಣು ಎಳೆಯಬೇಕು. ಬಿಸಿಲು, ಬೆವರು, ಊರಿಗೆ ಹೋಗುವ ಅವಸರ. ಆದರೂ ಅರ್ಧಕ್ಕೆ ಬಿಟ್ಟು ಬರಬೇಡಿ. ತೆರೆದು ಬಿಟ್ಟ ಟ್ರೆಂಚಿನಲ್ಲಿ ಮೊದಲ ಮಳೆಗೆ ಗೋಡೆ ಕುಸಿಯುತ್ತದೆ, ದನ ಬೀಳುತ್ತದೆ. ನಾವು ಮುಚ್ಚಿ ಬಂದ ವರ್ಷದ ಹಿಂಗಾರಿಗೆ ಹೊಲದ ಯಜಮಾನರು ಅಲ್ಲಿ ಜೋಳ ಬಿತ್ತಿದ್ದರು. ಜನವರಿಯಲ್ಲಿ ಮತ್ತೆ ಹೋದಾಗ ದಿಬ್ಬದ ಮೇಲೆ ನಿಂತು ನೋಡಿದರೆ ಇಡೀ ಹೊಲದ ನಡುವೆ ನಮ್ಮ ಟ್ರೆಂಚಿನ ಚೌಕಗಳು ಎದ್ದು ಕಾಣುತ್ತಿದ್ದವು, ಸುತ್ತಲಿನದಕ್ಕಿಂತ ಗೇಣುದ್ದ ಎತ್ತರದ ಜೋಳ. ಮೂಲೆಮಟ್ಟ ಒಂದು ಕಡೆ ಸ್ವಲ್ಪ ಓರೆ ಬಂದದ್ದೂ ಕಾಣುತ್ತಿತ್ತು. ಯಜಮಾನರು ನಮ್ಮ ಪ್ರೊಫೆಸರರ ಹತ್ತಿರ ಬಂದು, "ನಿಮ್ಮ ತೆಗ್ಗಿನಾಗ ಬೆಳಿ ಚಲೋ ಬಂದೈತ್ರಿ. ಈ ಸಲ ಪೂರಾ ಹೊಲ ಅಗದ ಹೋಗ್ರಲ್ಲ" ಅಂದರು.